ಅಲರ್ಜಿ: ದೇಹ ಕಲಿಯುವ ತಪ್ಪು ಪಾಠ

ಅಲರ್ಜಿಯ ಕಡೆಗಿನ ಒಲವು ವಂಶದಲ್ಲಿ ಹರಿದು ಬರುತ್ತದೆ. ಆದರೆ ಯಾವುದು ಆಗಿಬರುವುದಿಲ್ಲ ಎಂಬುದನ್ನು ಪ್ರತಿ ದೇಹವೂ ತಾನೇ ಕಲಿಯುತ್ತದೆ. ತಾಯಿಗೆ ಸೀಗಡಿ ಆಗದಿದ್ದರೆ ಮಗನಿಗೆ ಮನೆಯ ದೂಳು ಆಗದಿರಬಹುದು.

ಈ ಕಲಿಕೆ ಹೊರಗೆ ಕಾಣುವುದಿಲ್ಲ. ಸೀಗಡಿಯೋ ಹೂವಿನ ಪರಾಗವೋ ಮೊದಮೊದಲು ಒಳಹೊಕ್ಕಾಗ ಮೈಯಲ್ಲಿ ಯಾವ ತೊಂದರೆಯೂ ಇರುವುದಿಲ್ಲ. ಒಳಗೆ ಮಾತ್ರ ರೋಗನಿರೋಧಕ ವ್ಯವಸ್ಥೆ ಅದರ ಪ್ರೋಟೀನನ್ನು ಅಪಾಯವೆಂದು ಬಗೆದು, ಅದಕ್ಕೆಂದೇ ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸುತ್ತದೆ. 1960ರ ದಶಕದಲ್ಲಿ ಜಪಾನಿನ ಇಶಿಜಾಕಾ ದಂಪತಿಯೂ ಸ್ವೀಡನ್ನಿನ ಸಂಶೋಧಕರೂ ಬೇರೆ ಬೇರೆಯಾಗಿ ಪತ್ತೆ ಹಚ್ಚಿದ ಈ ಪ್ರತಿಕಾಯಕ್ಕೆ ಜಂತುಹುಳುಗಳಂಥ ಪರೋಪಜೀವಿಗಳನ್ನು ಎದುರಿಸುವ ಕೆಲಸವೂ ಇದೆ. ಅದು ಚರ್ಮ, ಮೂಗು, ಶ್ವಾಸಕೋಶ, ಕರುಳುಗಳಲ್ಲಿರುವ ಮಾಸ್ಟ್ ಕೋಶಗಳಿಗೆ ಅಂಟಿಕೊಂಡಿರುತ್ತದೆ. ಅದೇ ಪ್ರೋಟೀನು ಮತ್ತೆ ಬಂದೊಡನೆ ಆ ಕೋಶಗಳು ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಚೆಲ್ಲುತ್ತವೆ. ಮೂಗಿನಲ್ಲಾದರೆ ಸಾಲು ಸೀನು, ಚರ್ಮದಲ್ಲಾದರೆ ಪಿತ್ತಗಂಧೆ, ಶ್ವಾಸಕೋಶದಲ್ಲಾದರೆ ಉಬ್ಬಸ. ಇಡೀ ಮೈಗೆ ಹಬ್ಬಿದರೆ ನಿಮಿಷಗಳಲ್ಲಿ ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು ಬರುತ್ತದೆ. ಆಗ ತಡಮಾಡದೆ ತೊಡೆಗೆ ಅಡ್ರಿನಲಿನ್ ಚುಚ್ಚುಮದ್ದು ಕೊಡಲೇಬೇಕು.

ಒಂದು ಆಹಾರ ಯಾವ ದಾರಿಯಿಂದ ದೇಹಕ್ಕೆ ಪರಿಚಯವಾಗುತ್ತದೆ ಎಂಬುದು ಬಹಳ ಮುಖ್ಯ. ಬಾಯಿಂದ ಕರುಳಿಗೆ ಇಳಿದದ್ದನ್ನು ದೇಹ ಸಾಮಾನ್ಯವಾಗಿ ಸಹಿಸಿಕೊಳ್ಳುತ್ತದೆ. ಇಸುಬಿನಿಂದ ಬಿರುಕುಬಿಟ್ಟ ಚರ್ಮದ ಮೂಲಕ ನುಸುಳಿದ್ದನ್ನು ಶತ್ರುವೆಂದು ತಿಳಿಯುವ ಸಾಧ್ಯತೆ ಹೆಚ್ಚು. ಕೂಸುಗಳಿಗೆ ಶೇಂಗಾ ಕೊಡಬೇಡಿ ಎಂದು ಬ್ರಿಟನ್ನಿನ ವೈದ್ಯರು ವರ್ಷಗಟ್ಟಲೆ ಹೇಳುತ್ತಿದ್ದರು. ಆದರೆ ಎಳೆಯ ಮಕ್ಕಳಿಗೂ ಶೇಂಗಾ ತಿನಿಸು ಕೊಡುವ ಇಸ್ರೇಲಿನ ಮಕ್ಕಳಿಗಿಂತ ಬ್ರಿಟನ್ನಿನ ಯಹೂದಿ ಮಕ್ಕಳಲ್ಲಿ ಶೇಂಗಾ ಅಲರ್ಜಿ ಸುಮಾರು ಹತ್ತು ಪಟ್ಟು ಹೆಚ್ಚಿತ್ತು. ಇದನ್ನು ಬೆನ್ನುಹತ್ತಿದ ಲಂಡನ್ನಿನ ಗಿಡಿಯನ್ ಲ್ಯಾಕ್ ತಂಡ ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ 640 ಕೂಸುಗಳನ್ನು ಐದು ವರ್ಷ ತುಂಬುವವರೆಗೆ ಗಮನಿಸಿತು. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಶೇಂಗಾ ತಿಂದವರಲ್ಲಿ ಅದರ ಅಲರ್ಜಿ ತಿನ್ನದವರಿಗಿಂತ ಸುಮಾರು 80% ಕಡಿಮೆ. ಒಳ್ಳೆಯ ಉದ್ದೇಶದ ಪಥ್ಯವೇ ಎಷ್ಟೋ ಮಕ್ಕಳಿಗೆ ಕೇಡು ಮಾಡಿತ್ತೆಂಬುದು ನೋವಿನ ಸಂಗತಿ. ಇಡೀ ಬೀಜ ಕೂಸಿನ ಗಂಟಲಿಗೆ ಸಿಕ್ಕೀತು, ಅರೆದೇ ಕೊಡಬೇಕು. ಮೊದಲೇ ಇಸುಬು ಇದ್ದರೆ ವೈದ್ಯರನ್ನು ಕೇಳಿ ಶುರುಮಾಡುವುದು ಕ್ಷೇಮ.

ಐಜಿಇಯ ಹಂಗಿಲ್ಲದ ಅಲರ್ಜಿಯೂ ಉಂಟು. 1950ರ ದಶಕದಲ್ಲಿ ಪುಣೆಯ ಬಳಿ ಗುರುತಿಸಲಾದ ಪಾರ್ಥೇನಿಯಂ ಕರ್ನಾಟಕದ ಹೊಲ, ರಸ್ತೆಬದಿಗಳನ್ನೆಲ್ಲ ಆವರಿಸಿ ಕಾಂಗ್ರೆಸ್ ಕಳೆ ಎನಿಸಿಕೊಂಡಿತು. ವರ್ಷಗಟ್ಟಲೆ ಬರಿಗೈಯಲ್ಲಿ ಅದನ್ನು ಕಿತ್ತ ರೈತನಿಗೆ ಒಂದು ದಿನ ಕಣ್ಣರೆಪ್ಪೆ, ಕತ್ತು, ಮೊಣಕೈ ಮಡಿಕೆಗಳಲ್ಲಿ ತುರಿಕೆ ಕಾಣಿಸಿಕೊಳ್ಳುತ್ತದೆ. ಕ್ರಮೇಣ ಚರ್ಮ ಕಪ್ಪಾಗಿ ದಪ್ಪಗಟ್ಟುತ್ತದೆ. ಇಲ್ಲಿ ಪಾಠ ಕಲಿತದ್ದು ಬಿಳಿ ರಕ್ತಕಣಗಳ ಪೈಕಿ ಟಿ ಕೋಶಗಳು. ಅವು ಸೇರಿ ಉರಿಯೂತ ಎಬ್ಬಿಸಲು ಒಂದೆರಡು ದಿನ ಬೇಕು, ಹಾಗಾಗಿ ಕಾರಣ ಯಾವುದೆಂದು ಎಷ್ಟೋ ಸಲ ರೈತನಿಗೇ ಹೊಳೆಯುವುದಿಲ್ಲ. ಹಿಸ್ಟಮಿನ್ ತಡೆಯುವ ಸಾಮಾನ್ಯ ಮಾತ್ರೆಯಿಂದ ಇದಕ್ಕೆ ಹೆಚ್ಚಿನ ಪ್ರಯೋಜನವಿಲ್ಲ. ವೈದ್ಯರ ನಿಗಾದಲ್ಲಿ ಸ್ಟೀರಾಯ್ಡ್ ಮುಲಾಮು, ಹಟಮಾರಿ ಪ್ರಕರಣಗಳಲ್ಲಿ ಅಜಥಯೋಪ್ರಿನ್‌ನಂಥ ಔಷಧ ಬೇಕಾಗುತ್ತದೆ. ಕಳೆಯಿಂದ ದೂರವಿರುವುದೂ ಚಿಕಿತ್ಸೆಯ ಭಾಗವೇ. ಆದರೆ ಒಣಗಿದ ಗಿಡದ ಪುಡಿಯೂ ಗಾಳಿಯಲ್ಲಿ ಹಾರಿ ಬಂದು ಮೈಗೆ ಹತ್ತುವುದರಿಂದ, ಹೊಲವನ್ನೇ ನಂಬಿದವರಿಗೆ ಅದು ಬಲು ಕಷ್ಟ.