ತಂತಿ ಹೋದ ದಾರಿ

ಕಂಬ ಸ್ವಲ್ಪ ವಾಲಿತ್ತು. ಬುಡಕ್ಕೆ ಗೆದ್ದಲು ಹುತ್ತ ಕಟ್ಟಿಕೊಂಡಿತ್ತು. ಸುತ್ತ ಬಿದ್ದಿದ್ದ ಮರಗಳನ್ನೆಲ್ಲ ಒಳಗಿನಿಂದ ತಿಂದು ಟೊಳ್ಳು ಮಾಡಿದ ಗೆದ್ದಲಿಗೆ ಇದೊಂದನ್ನು ತಿನ್ನಲು ಆಗಿರಲಿಲ್ಲ. "ಇದೇ ಮಾವ, ತಂತಿ ಕಂಬ" ಎಂದು ಅಕ್ಕನ ಮಗ ಗಾಡಿ ನಿಲ್ಲಿಸಿದ. ಇಳಿದು ಮುಟ್ಟಿ ನೋಡಿದೆ. ಸತು ಲೇಪಿಸಿದ ಕಬ್ಬಿಣ, ಆಗಸ್ಟ್ ತಿಂಗಳ ಬಿಸಿಲಿಗೆ ಅಂಗೈ ಸುಡುವಷ್ಟು ಕಾದಿತ್ತು. ಪಿಂಗಾಣಿ ಬಟ್ಟಲು ಹೋಗಿತ್ತು, ತಂತಿಯೂ ಹೋಗಿತ್ತು. ಉಳಿದದ್ದು ಆ ಕಂಬ, ಅದರ ಮಗ್ಗುಲಲ್ಲೇ ಕಾಡು ಸೀಳಿಕೊಂಡು ಉತ್ತರಕ್ಕೆ ಹೋಗುವ ಕೆಂಪು ಜಾಡು.

ಆಸ್ಟ್ರೇಲಿಯದ ಭೂಪಟ ನೋಡಿದರೆ ಈಶಾನ್ಯ ಮೂಲೆಯಲ್ಲಿ ನ್ಯೂಗಿನಿಯ ಕಡೆಗೆ ಕೊಂಬಿನಂತೆ ಚಾಚಿದ ನೆಲ ಕಾಣುತ್ತದೆ. ಅದು ಕೇಪ್ ಯಾರ್ಕ್ ಪರ್ಯಾಯದ್ವೀಪ. ಕೊಂಬಿನ ತುದಿಯೇ ಆ ಖಂಡದ ಉತ್ತರದ ಕೊನೆ. ಕೇರ್ನ್ಸ್ ಪಟ್ಟಣದಿಂದ ಅಲ್ಲಿಗೆ ಸುಮಾರು 1000 ಕಿ.ಮೀ. ಮಳೆಗಾಲದಲ್ಲಿ ದಾರಿ ಮುಚ್ಚಿಹೋಗುತ್ತದೆ. ಮೇ ತಿಂಗಳಿಂದ ಅಕ್ಟೋಬರ್‌ವರೆಗಿನ ಒಣ ಕಾಲದಲ್ಲಿ ಮಾತ್ರ ಗಾಡಿಗಳು ಸಾಲುಗಟ್ಟುತ್ತವೆ. ಹೋಗುವವರು ಅದನ್ನು 'ದಿ ಟಿಪ್' ಎನ್ನುತ್ತಾರೆ. ಆ ನೆಲದ ಮೂಲನಿವಾಸಿಗಳು ಇಟ್ಟ ಹೆಸರು ಪಜಿಂಕಾ.

ತುದಿಯಲ್ಲಿ ದೊಡ್ಡ ಊರಿಲ್ಲ, ಚಿನ್ನದ ಗಣಿಯಿಲ್ಲ, ಕಬ್ಬಿನ ಗದ್ದೆಯಿಲ್ಲ. ಅಂಥ ಕಡೆಗೆ ಇಷ್ಟು ಉದ್ದದ ದಾರಿ ಯಾರು ಮಾಡಿದರು, ಯಾಕೆ ಮಾಡಿದರು ಎಂಬುದು ಹೊರಡುವ ಮೊದಲಿನಿಂದಲೂ ನನ್ನನ್ನು ಕಾಡುತ್ತಿತ್ತು. ಉತ್ತರ ಆ ಕಂಬದಲ್ಲಿತ್ತು. ಇಲ್ಲಿ ಮೊದಲು ಬಂದದ್ದು ಟೆಲಿಗ್ರಾಫ್ ತಂತಿ. ದಾರಿ ಬಂದದ್ದು ಅದರ ಹಿಂದೆ.

ತಂತಿಗೂ ಮುಂಚೆ ನೆಲದ ಮೇಲೆ ದಾರಿ ಹುಡುಕಿ ಸೋತವರಿದ್ದಾರೆ. 1770ರ ಆಗಸ್ಟ್‌ನಲ್ಲಿ ಜೇಮ್ಸ್ ಕುಕ್ ಸಮುದ್ರದಿಂದಲೇ ಈ ಭೂಶಿರವನ್ನು ಕಂಡು ಯಾರ್ಕ್ ಎಂದು ಹೆಸರಿಟ್ಟ. ಹತ್ತಿರದ ಒಂದು ಪುಟ್ಟ ದ್ವೀಪಕ್ಕೆ ಇಳಿದು, ಇಡೀ ಪೂರ್ವ ಕರಾವಳಿ ಬ್ರಿಟನ್ ದೊರೆಯದ್ದು ಎಂದು ಘೋಷಿಸಿ ಹೋದ. ಎಪ್ಪತ್ತೆಂಟು ವರ್ಷಗಳ ಮೇಲೆ, 1848ರಲ್ಲಿ, ಎಡ್ಮಂಡ್ ಕೆನಡಿ ಎಂಬ ಸರ್ವೇಯರ್ ಹದಿಮೂರು ಜನರ ತಂಡ ಕಟ್ಟಿಕೊಂಡು ನೆಲದ ಮೇಲೆ ತುದಿ ಮುಟ್ಟಲು ಹೊರಟ. ಜೌಗು, ದಟ್ಟ ಕಾಡು, ಹಸಿವು, ಜ್ವರ. ದಾರಿಯುದ್ದಕ್ಕೂ ಜನರನ್ನು ಅಲ್ಲಲ್ಲೇ ಬಿಟ್ಟು ಮುಂದೆ ಹೋಗಬೇಕಾಯಿತು. ಇನ್ನೇನು ತುದಿ ಹತ್ತಿರ ಬಂತು ಎನ್ನುವಾಗ ಎಸ್ಕೇಪ್ ನದಿಯ ಬಳಿ ಈಟಿಯೇಟಿಗೆ ಕೆನಡಿ ಸತ್ತ. ಅವನ ಜೊತೆಗಿದ್ದವನು ಗಲ್ಮಾರಾ ಎಂಬ ಮೂಲನಿವಾಸಿ ಯುವಕ. ಬಿಳಿಯರು ಅವನನ್ನು ಜಾಕಿ ಜಾಕಿ ಎಂದು ಕರೆಯುತ್ತಿದ್ದರು. ಒಡೆಯನನ್ನು ಮಣ್ಣುಮಾಡಿ, ಒಬ್ಬನೇ ಕಾಡಿನಲ್ಲಿ ನಡೆದು, ತುದಿಯಲ್ಲಿ ಕಾಯುತ್ತಿದ್ದ ಹಡಗನ್ನು ಮುಟ್ಟಿದವನು ಅವನು. ಅವನು ಸುದ್ದಿ ಮುಟ್ಟಿಸಿದ್ದರಿಂದ ಹಿಂದೆ ಉಳಿದಿದ್ದ ಇನ್ನಿಬ್ಬರು ಜೀವಂತ ಸಿಕ್ಕರು. ಹದಿಮೂರರಲ್ಲಿ ಬದುಕಿದವರು ಮೂವರೇ. ನನ್ನ ಮಟ್ಟಿಗೆ ಈ ದಾರಿಯ ಮೊದಲ ದೊಡ್ಡ ಹೆಸರು ಗಲ್ಮಾರಾನದು.

ಅವನ ನಂತರ ಬಂದವರು ಬೇರೆ ಬಗೆಯವರು. ತುದಿಯ ಬಳಿ ಸಾಮರ್‌ಸೆಟ್ ಎಂಬ ಸರ್ಕಾರಿ ಠಾಣೆ ಎದ್ದಾಗ ಅಲ್ಲಿನ ಅಧಿಕಾರಿ ಜಾನ್ ಜಾರ್ಡೀನ್‌ನ ಮಕ್ಕಳಾದ ಫ್ರಾಂಕ್ ಮತ್ತು ಅಲೆಕ್ಸಾಂಡರ್ ದಕ್ಷಿಣದಿಂದ ದನಗಳ ಹಿಂಡು ಹೊಡೆದುಕೊಂಡು ಬಂದರು. 1864ರ ಡಿಸೆಂಬರ್‌ನಲ್ಲಿ ಮಿಚೆಲ್ ನದಿಯ ಬಳಿ ಅವರ ಬಂದೂಕಿಗೆ ಸಿಕ್ಕಿ ಸುಮಾರು ಮೂವತ್ತು ಮೂಲನಿವಾಸಿಗಳು ಸತ್ತರು. ಹಳೆಯ ಪುಸ್ತಕಗಳು ಇದನ್ನು ಯುದ್ಧ ಎನ್ನುತ್ತವೆ. ಈಟಿ ಹಿಡಿದವರ ಮೇಲೆ ಗುಂಡು ಹಾರಿಸಿದ್ದನ್ನು ಯುದ್ಧ ಎನ್ನಲು ನನಗೆ ಮನಸ್ಸು ಬರುವುದಿಲ್ಲ. 1865ರ ಮಾರ್ಚ್‌ನಲ್ಲಿ ಅಣ್ಣತಮ್ಮಂದಿರು ಸಾಮರ್‌ಸೆಟ್ ಸೇರಿದರು. ತುದಿಗೆ ಹೋಗುವವರೆಲ್ಲ ದಾಟಲೇಬೇಕಾದ ದೊಡ್ಡ ನದಿಗೆ ಅವರ ಮನೆತನದ ಹೆಸರೇ ಬಿತ್ತು.

ಇನ್ನು ತಂತಿಯ ವಿಷಯ. ಕೊಂಬಿನ ತುದಿಗೂ ನ್ಯೂಗಿನಿಗೂ ನಡುವೆ ಸುಮಾರು 150 ಕಿ.ಮೀ. ಅಗಲದ ಟೊರೆಸ್ ಜಲಸಂಧಿ ಇದೆ. ಬ್ರಿಟಿಷ್ ಇಂಡಿಯಾ ಹಡಗು ಕಂಪನಿಯ ಟಪಾಲು ಹಡಗುಗಳು 1881ರಿಂದ ಈ ಸಂದಿಯಲ್ಲೇ ಹಾದು, ಈ ಕೊಂಬೂ ಸೇರಿದ್ದ ಕ್ವೀನ್ಸ್‌ಲ್ಯಾಂಡ್ ವಸಾಹತಿಗೂ ಲಂಡನ್ನಿಗೂ ಓಡಾಡುತ್ತಿದ್ದವು. ಜಲಸಂಧಿಯ ಥರ್ಸ್‌ಡೇ ದ್ವೀಪದಲ್ಲಿ ಮುತ್ತಿನ ಚಿಪ್ಪಿನ ವ್ಯಾಪಾರ ಕುದುರಿತ್ತು. ರಷ್ಯದ ನೌಕೆಗಳು ಬಂದಾವು ಎಂಬ ಭಯವೂ ಆಗ ವಸಾಹತುಗಳಲ್ಲಿ ಜೋರಾಗಿತ್ತು. ಜಲಸಂಧಿಯಲ್ಲಿ ಏನು ನಡೆದರೂ ರಾಜಧಾನಿ ಬ್ರಿಸ್ಬೇನ್‌ಗೆ ತಕ್ಷಣ ತಿಳಿಯಬೇಕಿತ್ತು. ಹಾಗಾಗಿ 1885ರಲ್ಲಿ ಕೆಲಸ ಶುರುವಾಗಿ, 1887ರ ಹೊತ್ತಿಗೆ ತುದಿಯವರೆಗೂ ತಂತಿ ಎಳೆದಾಯಿತು. ಅಲ್ಲಿಂದ ನೀರಿನಡಿಯ ಕೇಬಲ್ ಥರ್ಸ್‌ಡೇ ದ್ವೀಪ ಸೇರಿತು.

ಮರದ ಕಂಬ ನೆಟ್ಟಿದ್ದರೆ ಗೆದ್ದಲು ಉಳಿಸುತ್ತಿರಲಿಲ್ಲ, ಕಾಳ್ಗಿಚ್ಚೂ ಬಿಡುತ್ತಿರಲಿಲ್ಲ. ಅದಕ್ಕೇ ಕಬ್ಬಿಣ. ಮರ ಬಿದ್ದು ತಂತಿ ಹರಿಯಬಾರದೆಂದು ಎರಡೂ ಕಡೆ ಕಾಡು ಕಡಿದು ಪಟ್ಟಿ ತೆಗೆದರು. ತಂತಿಯಲ್ಲಿ ಹರಿಯುವ ಸಂಕೇತ ದೂರ ಹೋದಂತೆ ಸೊರಗುವುದರಿಂದ ನಡುನಡುವೆ ಅದನ್ನು ಎತ್ತಿ ಮುಂದಕ್ಕೆ ಕಳಿಸುವ ಠಾಣೆಗಳು ಬೇಕಾದವು: ಮಸ್‌ಗ್ರೇವ್, ಕೋಯೆನ್, ಮೀನ್, ಮೋರ್ಟನ್, ಮೆಕ್‌ಡೊನೆಲ್, ತುದಿಯಲ್ಲಿ ಪ್ಯಾಟರ್ಸನ್. ತಂತಿ ಹರಿದರೆ ಲೈನ್‌ಮನ್ ಕುದುರೆ ಏರಿ ಕಡಿದ ಪಟ್ಟಿಯಲ್ಲೇ ಹೋಗಿ ಜೋಡಿಸಬೇಕು. ಆ ಕುದುರೆಗಳ ಗೊರಸಿನ ಗುರುತೇ ಇವತ್ತಿನ ದಾರಿ.

ಠಾಣೆಗಳ ಕಟ್ಟಡವನ್ನು ನೋಡಿದರೆ ಆ ಕಾಲದ ಮನಸ್ಸು ಅರ್ಥವಾಗುತ್ತದೆ. ಹಲವು ಠಾಣೆಗಳಿಗೆ ಅಲೆಯಲೆ ತಗಡಿನ ಗೋಡೆ, ಮೂಲೆಗಳಲ್ಲಿ ಹೊರಕ್ಕೆ ಚಾಚಿದ ಬುರುಜು, ಅದರಲ್ಲಿ ಬಂದೂಕಿನ ನಳಿಗೆ ತೂರಿಸಲು ಕಿಂಡಿ. ತಂತಿ ಕಚೇರಿಯನ್ನು ಕೋಟೆಯಂತೆ ಕಟ್ಟಿದ್ದರು. ನಾವು ಚಿಕ್ಕವರಿದ್ದಾಗ ತಂತಿ ಬಂತೆಂದರೆ ಮನೆಯಲ್ಲಿ ಎಲ್ಲರ ಮುಖ ಬಾಡುತ್ತಿತ್ತು. ಸಾವಿನ ಸುದ್ದಿಯೇ ಇರಬೇಕೆಂದು ಅಮ್ಮ ಓದಿಸುವ ಮೊದಲೇ ಅಳುತ್ತಿದ್ದಳು. ಇಲ್ಲಿನ ಜನಕ್ಕೆ ತಂತಿಯ ಜೊತೆ ಬಂದದ್ದು ಸುದ್ದಿಯಲ್ಲ, ಕಿಂಡಿಯಿಂದ ಇಣುಕುವ ಬಂದೂಕು. ಅವರು ತಂತಿಯ ತುಂಡು ಕತ್ತರಿಸಿ ಮೀನಿನ ಈಟಿಗೆ ಮೊನೆ ಮಾಡಿಕೊಂಡರು.

ಮಸ್‌ಗ್ರೇವ್ ಠಾಣೆಯ ಕಟ್ಟಡ ಈಗ ದಾರಿಹೋಕರಿಗೆ ಊಟ, ಪೆಟ್ರೋಲ್ ಕೊಡುವ ರೋಡ್‌ಹೌಸ್. ಅಲ್ಲಿಯವರೆಗಿನ ಮುಖ್ಯ ರಸ್ತೆಗೆ ವರ್ಷವರ್ಷವೂ ಒಂದಿಷ್ಟು ಡಾಂಬರು ಬೀಳುತ್ತಿದೆ. ಡಾಂಬರು ಮುಗಿದಲ್ಲಿ ರಸ್ತೆ ಜಿಂಕ್ ಶೀಟಿನ ಮಾಡನ್ನು ನೆಲಕ್ಕೆ ಹಾಸಿದಂತಿರುತ್ತದೆ. ಚಕ್ರದ ಗಾಳಿ ಇಳಿಸಿಕೊಂಡು ಹೋಗದಿದ್ದರೆ ಹಲ್ಲು, ನಟ್ಟು, ಬೋಲ್ಟು ಎಲ್ಲ ಸಡಿಲ. ಇದಕ್ಕಿಂತ ಕೆಟ್ಟದ್ದು ದೂಳಿನ ಗುಂಡಿ. ನುಣ್ಣನೆ ರಾಗಿಹಿಟ್ಟಿನಂಥ ದೂಳು ಗುಂಡಿಯನ್ನು ಸಮಕ್ಕೆ ತುಂಬಿ ನಿಂತಿರುತ್ತದೆ, ಗಾಡಿ ಮುಗ್ಗರಿಸಿದಾಗಲೇ ಅದು ಗುಂಡಿಯೆಂದು ಗೊತ್ತಾಗುವುದು. ಮಣ್ಣಂತೂ ನಮ್ಮ ಕರಾವಳಿಯ ಮುರಕಲ್ಲಿನ ಮಣ್ಣಿನದೇ ಬಣ್ಣ. ಅಂಗಿ, ಹುಬ್ಬು, ಬುತ್ತಿಯ ಅವಲಕ್ಕಿ ಎಲ್ಲಕ್ಕೂ ಅದೇ ಕೆಂಪು. ಈ ಕೆಂಪು ಮಣ್ಣಿನಲ್ಲಿ ಬಾಕ್ಸೈಟ್ ಇದೆ ಎಂದು 1955ರಲ್ಲಿ ಗೊತ್ತಾಗಿ, ಪಶ್ಚಿಮದ ವೀಪಾದಲ್ಲಿ ದೊಡ್ಡ ಗಣಿ ಎದ್ದಿತು.

ಬ್ರಾಮ್‌ವೆಲ್ ಜಂಕ್ಷನ್‌ನಲ್ಲಿ ದಾರಿ ಎರಡಾಗುತ್ತದೆ. ಒಂದು, ಹಳ್ಳಗಳನ್ನು ತಪ್ಪಿಸಿ ಸುತ್ತಿಹೋಗುವ ಅಗಲ ಮಣ್ಣುರಸ್ತೆ. ಇನ್ನೊಂದು ತಂತಿಯ ಹಳೆಯ ಜಾಡು. ತಂತಿಗೆ ಹಳ್ಳದ ಹಂಗಿಲ್ಲ, ಅದು ನೇರ ಹೋಗುತ್ತದೆ. ಹಾಗಾಗಿ ಜಾಡು ಪ್ರತಿ ಹಳ್ಳಕ್ಕೂ ನೇರ ಇಳಿಯುತ್ತದೆ. ಪಾಮ್ ಕ್ರೀಕ್, ಡಲ್‌ಹಂಟಿ, ಕಾಕಟೂ ಕ್ರೀಕ್. ಎಲ್ಲಕ್ಕಿಂತ ಹೆಸರಾದದ್ದು ಗನ್‌ಶಾಟ್. ಅಲ್ಲಿ ಜೇಡಿಮಣ್ಣಿನ ದಂಡೆ ಬಾವಿಯ ಗೋಡೆಯಂತೆ ಕಡಿದು ನಿಂತಿದೆ. ಅಕ್ಕನ ಮಗ ಮೊದಲು ಬರಿಗಾಲಲ್ಲಿ ಇಳಿದು ಕೋಲಿನಿಂದ ನೀರಿನ ಆಳ ನೋಡಿದ. "ಮಾವ, ನೀವು ಇಲ್ಲೇ ನಿಂತಿರಿ, ಗಾಡಿಯಲ್ಲಿ ಬೇಡ" ಎಂದ. ಗಾಡಿಯ ಮೂತಿ ಅಂಚು ದಾಟಿದ ಕ್ಷಣ ಹಿಂದಿನ ಚಕ್ರವೊಂದು ಗಾಳಿಯಲ್ಲಿ ತಿರುಗುತ್ತಿತ್ತು. ಮರುಕ್ಷಣ ಇಡೀ ಗಾಡಿ ಜಾರಿ ಕೆಸರಿಗೆ ಮೂಗು ಹೂತು ನಿಂತಿತು. ಅದನ್ನು ಎಳೆದು ದಡಕ್ಕೆ ತರಲು ಹಿಂದೆ ಬಂದ ಅಪರಿಚಿತರ ಹಗ್ಗವೇ ಬೇಕಾಯಿತು. ಮುಂದಿನ ಬಂಪರು ಅಲ್ಲೇ ಉಳಿಯಿತು. ನಮ್ಮ ಗಾಡಿಗೇ ಇಷ್ಟು ಕಷ್ಟವಾದ ಈ ದಾರಿಯಲ್ಲಿ, 1928ರಲ್ಲಿ ಹೆಕ್ಟರ್ ಮ್ಯಾಕ್‌ಕ್ವಾರಿ ಮತ್ತು ರಿಚರ್ಡ್ ಮ್ಯಾಥ್ಯೂಸ್ ಒಂದು ಪುಟಾಣಿ ಆಸ್ಟಿನ್ ಸೆವೆನ್ ಕಾರನ್ನು ಸಿಡ್ನಿಯಿಂದ ತುದಿಯವರೆಗೆ ತಂದು, ಅಲ್ಲಿ ಮುಟ್ಟಿದ ಮೊದಲ ಮೋಟಾರು ಎನಿಸಿದರು. ಅವರಿಗೂ ಈ ಕಂಬಗಳೇ ದಾರಿ ತೋರಿಸಿದ್ದು.

ಎರಡನೇ ಮಹಾಯುದ್ಧದಲ್ಲಿ ಈ ಕೊಂಬಿನಲ್ಲಿ ವಿಮಾನದ ಓಟದ ಹಾದಿಗಳು ಎದ್ದವು. ಅದಾದ ಮೇಲೆ ಜನ ಬಂದರು. ಸಮುದ್ರ ಉಕ್ಕಿ ಜಲಸಂಧಿಯ ಸಾಯ್‌ಬಾಯ್ ದ್ವೀಪಕ್ಕೆ ನುಗ್ಗಿದಾಗ ಅಲ್ಲಿಂದ ಹೊರಟವರು 1940ರ ದಶಕದ ಕೊನೆಯಲ್ಲಿ ಬಮಗಾ ಕಟ್ಟಿಕೊಂಡರು. ಮುಂದಾಳು ಬಮಗಾ ಗಿನಾವು ಅವರ ಹೆಸರೇ ಊರಿಗಾಯಿತು. ಪಕ್ಕದ ಸೀಸಿಯಾ ಎಂಬ ಹೆಸರು ಅಲ್ಲಿನ ಒಂದು ಕುಟುಂಬದ ಹಿರಿಯರ ಹೆಸರುಗಳ ಮೊದಲ ಅಕ್ಷರ ಕೂಡಿಸಿದ್ದು. ನ್ಯೂ ಮಪೂನ್‌ನ ಕಥೆ ಬೇರೆ. ಪಶ್ಚಿಮ ತೀರದ ಮಪೂನ್‌ನಲ್ಲಿದ್ದವರನ್ನು 1963ರ ನವೆಂಬರ್‌ನಲ್ಲಿ ಪೊಲೀಸರು ಬಲವಂತವಾಗಿ ಎಬ್ಬಿಸಿ, ಮನೆಗಳನ್ನು ಸುಟ್ಟು, ಇಲ್ಲಿಗೆ ತಂದು ಬಿಟ್ಟರು. ಹೋಗುವವರು 'ಯಾರೂ ಇಲ್ಲದ ಕಾಡು' ಎಂದು ಫೋಟೊ ಹಾಕುವ ಈ ತುದಿಯಲ್ಲಿ ಶಾಲೆಗೆ ಓಡುವ ಮಕ್ಕಳಿದ್ದಾರೆ, ಜೆಟ್ಟಿಯಲ್ಲಿ ಗಾಳ ಹಾಕಿ ಕೂತ ಅಜ್ಜಿಯರಿದ್ದಾರೆ. ನನಗೆ ತುದಿಗಿಂತ ಸೀಸಿಯಾದ ಆ ಜೆಟ್ಟಿಯೇ ಹೆಚ್ಚು ನೆನಪಿನಲ್ಲಿ ಉಳಿದಿದೆ.

1980ರ ದಶಕದಲ್ಲಿ ಹೊಸ ಸಂಪರ್ಕ ಸಾಧನಗಳು ಬಂದು ತಂತಿಯ ಕಾಲ ಮುಗಿಯಿತು. ನಮ್ಮಲ್ಲಿ ತಂತಿ ಸೇವೆ ನಿಂತದ್ದು 2013ರ ಜುಲೈನಲ್ಲಿ. ಇಲ್ಲಿ ತಂತಿ ಹೋದರೂ ಅದು ಕಡಿದ ಪಟ್ಟಿ ಉಳಿಯಿತು, ಪ್ರವಾಸಿಗರು ಅದನ್ನು ಹಿಡಿದರು.

ಕೊನೆಗೆ ಗಾಡಿ ಬಿಟ್ಟು ಬಂಡೆಗಳ ಮೇಲೆ ನಡೆಯಬೇಕು. ಗಾಳಿ ಬಲವಾಗಿ ಬೀಸುತ್ತದೆ. ಖಂಡದ ಉತ್ತರದ ತುದಿಯಲ್ಲಿ ನಿಂತಿದ್ದೀರಿ ಎಂದು ಹೇಳುವ ಫಲಕ, ಅದರ ಮುಂದೆ ಹಸಿರು ನೀಲಿ ನೀರು ಸುಳಿಸುಳಿಯಾಗಿ ಓಡುತ್ತದೆ. ಈಜುವ ಆಸೆ ಬೇಡ, ಉಪ್ಪುನೀರಿನ ಮೊಸಳೆಗಳಿವೆ. ಹೋಗುವವರು ಊರವರ ಅನುಮತಿ ಪಡೆದು ಹೋಗಿ, ನಿಮ್ಮ ಕಸ ನಿಮ್ಮ ಗಾಡಿಯಲ್ಲೇ ವಾಪಸು ತನ್ನಿ.

ತುದಿಗೆ ಹೋಗುವ ದಾರಿಯಲ್ಲಿ ಸಿಗುವ ರಾಷ್ಟ್ರೀಯ ಉದ್ಯಾನಕ್ಕೂ ಮೊದಲು ಜಾರ್ಡೀನ್ ನದಿಯ ಹೆಸರೇ ಇತ್ತು. 2022ರಲ್ಲಿ ಆ ನೆಲವನ್ನು ಕ್ವೀನ್ಸ್‌ಲ್ಯಾಂಡ್ ಸರ್ಕಾರ ಅದರ ಮೂಲ ಒಡೆಯರಿಗೆ ಮರಳಿ ಬರೆದುಕೊಟ್ಟಿತು. ಈಗ ಅದರ ಹೆಸರು ಅಪುತಾಮ. ನದಿಗೆ ಮಾತ್ರ ಇನ್ನೂ ಜಾರ್ಡೀನ್ ಎಂದೇ ಹೆಸರಿದೆ.