ಪಾಕೀಟಿನೊಳಗಿನ ಪಾಕೀಟು

ವಂಶವಾಹಿ ತಿದ್ದುವ ತಂತ್ರಜ್ಞಾನದ ಬಗೆಗಿನ ಅಂಜಿಕೆ ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದ ಕಡೆಗೆ ಬಂದದ್ದು ಆಸ್ಪತ್ರೆಯ ದಾರಿಯಿಂದಲ್ಲ, ಹತ್ತಿ ಬೀಜದ ದಾರಿಯಿಂದ. ಈ ಭಾಗದ ಎರಿ ಹೊಲಗಳಲ್ಲಿ ಹಿಂದೆ ಜಯಧರದಂಥ ಜವಾರಿ ಹತ್ತಿ ಬೆಳೆಯುತ್ತಿತ್ತು. ಮುಂದಿನ ವರ್ಷದ ಬೀಜ ಈ ವರ್ಷದ ಬೆಳೆಯಲ್ಲೇ ಸಿಗುತ್ತಿತ್ತು. 1970ರ ದಶಕದಲ್ಲಿ ಧಾರವಾಡದಿಂದ ವರಲಕ್ಷ್ಮಿ, ಮುಂದೆ ಡಿಸಿಎಚ್-32 ಹೈಬ್ರಿಡ್‌ಗಳು ಬಂದವು. ಇಳುವರಿ ಏರಿತು, ಬೀಜ ಮಾತ್ರ ಪ್ರತಿ ವರ್ಷ ಅಂಗಡಿಯಿಂದ ತರುವ ಸರಕಾಯಿತು. ಬಿಟಿ ಹತ್ತಿ ಬರುವ ಹೊತ್ತಿಗೆ ರೈತನ ಕೈಯಿಂದ ಬೀಜ ಆಗಲೇ ಜಾರಿಹೋಗಿತ್ತು ಎಂಬುದನ್ನು ವಾದದ ಭರದಲ್ಲಿ ಬಹಳ ಮಂದಿ ಮರೆಯುತ್ತಾರೆ.

ಬಿಟಿ ಎಂದರೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ. ಅದರ ಒಂದು ವಂಶವಾಹಿಯನ್ನು ಹತ್ತಿ ಗಿಡಕ್ಕೆ ಸೇರಿಸಿದರೆ, ಗಿಡವೇ ಒಂದು ಬಗೆಯ ಪ್ರೋಟೀನ್ ತಯಾರಿಸುತ್ತದೆ. ಕಾಯಿಕೊರಕ ಹುಳದ ಕರುಳಿನಲ್ಲಿ ಕ್ಷಾರದ ಗುಣವಿದೆ. ಅಲ್ಲಿ ಈ ಪ್ರೋಟೀನ್ ಕರಗಿ, ಕರುಳಿನ ಗೋಡೆಗೆ ಅಂಟಿಕೊಂಡು ತೂತು ಮಾಡುತ್ತದೆ. ಹುಳ ಮೇಯುವುದನ್ನು ಬಿಟ್ಟು ಸಾಯುತ್ತದೆ. ಮನುಷ್ಯರ ಹೊಟ್ಟೆಯಲ್ಲಿರುವುದು ಆಮ್ಲ. ಅಲ್ಲಿ ಅದು ಒಡೆದುಹೋಗುತ್ತದೆ, ಅಂಟಿಕೊಳ್ಳಲು ತಕ್ಕ ಜಾಗವೂ ನಮ್ಮ ಕರುಳಿನಲ್ಲಿಲ್ಲ.

ಆದರೆ ಈ ವಿವರಣೆ ಜನರನ್ನು ಮುಟ್ಟುವ ಮೊದಲೇ ಬೆಂಕಿ ಬಿದ್ದಿತ್ತು. 1998ರ ಕೊನೆಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಮುಂದಾಳತ್ವದ ಕರ್ನಾಟಕ ರಾಜ್ಯ ರೈತ ಸಂಘ ರಾಯಚೂರು, ಬಳ್ಳಾರಿ ಜಿಲ್ಲೆಗಳಲ್ಲಿ ಬಿಟಿ ಹತ್ತಿಯ ಪ್ರಯೋಗದ ಹೊಲಗಳನ್ನು ಕಿತ್ತು ಸುಟ್ಟಿತು. ಆಗ ಎಲ್ಲರ ಬಾಯಲ್ಲಿದ್ದ ಹೆಸರು ‘ಟರ್ಮಿನೇಟರ್ ಬೀಜ’. ಮರುಬಿತ್ತನೆಗೆ ಮೊಳಕೆಯೊಡೆಯದ ಈ ಬೀಜದ ತಂತ್ರಕ್ಕೆ ಅದೇ ವರ್ಷದ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತ್ತು. ಪ್ರಯೋಗದ ಹೊಲಗಳಲ್ಲಿದ್ದದ್ದು ಅದಲ್ಲ, ಅದು ಇಂದಿಗೂ ಎಲ್ಲಿಯೂ ಮಾರಾಟಕ್ಕೆ ಬಂದಿಲ್ಲ. ಜನ ಬೆರಳು ತೋರಿಸಿದ ಭೂತ ಅಲ್ಲಿರಲಿಲ್ಲ, ನಿಜ. ಆದರೆ ಹೊಲದಲ್ಲಿ ಊರಿದ್ದು ಏನು ಎಂಬುದನ್ನು ನಮಗೆ ಬಿಡಿಸಿ ಹೇಳಿರಲಿಲ್ಲ ಎಂಬ ದೂರು ರೈತರಿಂದ ಬಂದಿತ್ತು. ಆ ದೂರನ್ನು ವದಂತಿಯೆಂದು ತಳ್ಳಿಹಾಕುವಂತಿರಲಿಲ್ಲ. ಮುಂದೆ 2001ರ ಸಸ್ಯ ತಳಿಗಳ ಮತ್ತು ರೈತರ ಹಕ್ಕುಗಳ ರಕ್ಷಣಾ ಕಾಯ್ದೆ, ಟರ್ಮಿನೇಟರ್ ತಂತ್ರವಿರುವ ತಳಿಗಳಿಗೆ ನೋಂದಣಿಯನ್ನೇ ನಿರಾಕರಿಸಿತು.

2002ರ ಮಾರ್ಚ್‌ನಲ್ಲಿ ಬಿಟಿ ಹತ್ತಿಗೆ ಕೇಂದ್ರದ ಒಪ್ಪಿಗೆ ಸಿಕ್ಕಿತು. ಆರಂಭದಲ್ಲಿ 450 ಗ್ರಾಂ ಪಾಕೀಟಿಗೆ ಸುಮಾರು 1,600 ರೂಪಾಯಿ. ಅದರೊಳಗೆ ಇನ್ನೊಂದು ಸಣ್ಣ ಪಾಕೀಟು ಇರುತ್ತಿತ್ತು: 120 ಗ್ರಾಂ, ಬಿಟಿ ಇಲ್ಲದ ಸಾದಾ ಹತ್ತಿ ಬೀಜ. ಹೊಲದ ಸುತ್ತ ಅದರ ಸಾಲುಗಳನ್ನು ಹಾಕಬೇಕೆಂಬುದು ನಿಯಮವಾಗಿತ್ತು. ಬಿಟಿ ಗಿಡ ತಿಂದೂ ಬದುಕುಳಿಯುವ ಹುಳ ಸಾವಿರಕ್ಕೋ ಲಕ್ಷಕ್ಕೋ ಒಂದಿರುತ್ತದೆ. ಅಂಥವು ತಮ್ಮತಮ್ಮಲ್ಲೇ ಕೂಡಿದರೆ ವಿಷಕ್ಕೆ ಬಗ್ಗದ ಸಂತತಿ ಬೆಳೆಯುತ್ತದೆ. ಸಾದಾ ಸಾಲುಗಳಲ್ಲಿ ಬೆಳೆದ ಹುಳದ ಪತಂಗಗಳೊಂದಿಗೆ ಕೂಡಿದರೆ ಆ ಗುಣ ತೆಳುವಾಗುತ್ತದೆ. ಲೆಕ್ಕ ಸರಿಯಾದದ್ದೇ. ಆದರೆ ಮಳೆ ನಂಬಿದ ನಾಲ್ಕು ಎಕರೆಯಲ್ಲಿ ಹುಳಕ್ಕೆಂದೇ ಒಂದಿಷ್ಟು ಊಟ ಬೆಳೆದು ಕೊಡು ಎಂದರೆ ಯಾವ ಒಕ್ಕಲಿಗ ಒಪ್ಪಿಯಾನು? ಸಣ್ಣ ಪಾಕೀಟು ಹಲವೆಡೆ ಬದುವಿನ ಮೇಲೇ ಉಳಿಯಿತು.

ಫಲ ಕಾಣಿಸಲು ಬಹಳ ಕಾಲ ಬೇಕಾಗಲಿಲ್ಲ. ಗುಲಾಬಿ ಕಾಯಿಕೊರಕ ಮೊದಲ ಬಿಟಿ ಹತ್ತಿಗೆ ಬಗ್ಗುತ್ತಿಲ್ಲವೆಂದು 2010ರಲ್ಲಿ ಗುಜರಾತಿನಿಂದ ವರದಿಯಾಯಿತು. ಎರಡು ವಂಶವಾಹಿಗಳ ಎರಡನೇ ತಲೆಮಾರಿನ ಬೀಜವನ್ನೂ ಅದು ಕೆಲವೇ ವರ್ಷಗಳಲ್ಲಿ ಅರಗಿಸಿಕೊಂಡಿತು. ಈ ಹುಳದ ಕೆಲಸವೇ ಗುಟ್ಟಿನದು. ಎಳೆ ಕಾಯಿಯೊಳಗೆ ಹೊಕ್ಕ ತೂತು ಕಾಯಿ ಬಲಿತಂತೆ ಮುಚ್ಚಿಹೋಗುತ್ತದೆ. ಹೊರಗಿನಿಂದ ನೋಡಿದರೆ ಹಸಿರು, ತುಂಬಿದ ಕಾಯಿ. ಬೆರಳಿನಿಂದ ಸೀಳಿದಾಗಷ್ಟೇ ಕಂದಿದ ಅರಳೆ, ಒಂದಕ್ಕೊಂದು ಅಂಟಿದ ಎರಡು ಕಾಳು, ನಡುವೆ ಗುಲಾಬಿ ಬಣ್ಣದ ಹುಳ. ಹತ್ತಿ ಬಿಡಿಸುವ ಆಳುಗಳು ಹೊಲಕ್ಕೆ ಇಳಿಯುವತನಕ ನಷ್ಟದ ಅಂದಾಜೇ ಸಿಗುವುದಿಲ್ಲ.

ಮರೆಯಲ್ಲಿದ್ದ ಇನ್ನೊಂದು ಸಂಗತಿ ಪಕ್ಕದ ಧಾರವಾಡದಲ್ಲೇ ನಡೆಯಿತು. ರೈತರೇ ಬೀಜ ಉಳಿಸಿಕೊಳ್ಳಬಹುದಾದ ಸರ್ಕಾರಿ ಬಿಟಿ ಹತ್ತಿಯೆಂದು ‘ಬಿಕಾನೇರಿ ನರ್ಮಾ ಬಿಟಿ’ಯನ್ನು ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಮತ್ತು ಧಾರವಾಡ ಕೃಷಿ ವಿಶ್ವವಿದ್ಯಾಲಯ ಹೊರತಂದವು. 2008ರಲ್ಲಿ ಒಪ್ಪಿಗೆ ಸಿಕ್ಕಿತು, 2009ರಲ್ಲಿ ಬಿತ್ತನೆಯೂ ಆಯಿತು. ಆಮೇಲೆ ಪರೀಕ್ಷಿಸಿದಾಗ ಬೀಜದಲ್ಲಿ ಮಾನ್ಸಾಂಟೊ ಕಂಪನಿಯ ವಂಶವಾಹಿ ಕಂಡುಬಂದು ಮಾರಾಟ ನಿಂತಿತು. ತಜ್ಞರ ಪ್ರಯೋಗಾಲಯಕ್ಕೇ ತಡವಾಗಿ ತಿಳಿದದ್ದು ಸಾದಾ ರೈತನಿಗೆ ಹೇಗೆ ತಿಳಿದೀತು?

ಊಟದ ತಟ್ಟೆಯ ವಿಷಯ ಬಂದಾಗ ಜನ ಇನ್ನೂ ಗಟ್ಟಿಯಾಗಿ ನಿಂತರು. ಬಿಟಿ ಬದನೆಗೆ 2009ರ ಅಕ್ಟೋಬರ್‌ನಲ್ಲಿ ತಜ್ಞರ ಸಮಿತಿ ಒಪ್ಪಿತ್ತು. ಬೆಂಗಳೂರೂ ಸೇರಿ ಏಳು ನಗರಗಳಲ್ಲಿ ಸಾರ್ವಜನಿಕ ಅಹವಾಲು ಕೇಳಿದ ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ 2010ರ ಫೆಬ್ರುವರಿ 9ರಂದು ಅದಕ್ಕೆ ತಡೆ ಹಾಕಿದರು. ರೊಟ್ಟಿಯ ಜೊತೆಗಿನ ಮುಳಗಾಯಿ ಎಣ್ಣೆಗಾಯಿ ಹೀಗೆ ಉಳಿಯಿತು. ಹತ್ತಿಯನ್ನು ಮಾತ್ರ ‘ತಿನ್ನುವ ಬೆಳೆ ಅಲ್ಲ’ ಎಂದು ಬಹಳ ಮಂದಿ ಸುಮ್ಮನಾಗಿದ್ದರು. ಹತ್ತಿಕಾಳೂ ಅದರ ಹಿಂಡಿಯೂ ಹಾಲು ಕೊಡುವ ಎಮ್ಮೆಯ ಮುಂದೆ ದಿನಾ ಬೀಳುತ್ತವೆ, ಹತ್ತಿಕಾಳಿನ ಎಣ್ಣೆ ಬಾಣಲೆಗೂ ಬರುತ್ತದೆ ಎಂಬುದು ಅವರಿಗೆ ನೆನಪಾಗಲಿಲ್ಲ.

ಮನುಷ್ಯರ ವಂಶವಾಹಿ ತಿದ್ದುವ ಮಾತು ಈ ಅಂಜಿಕೆಯ ಮುಂದಿನ ಹೆಜ್ಜೆ. ಅದರಲ್ಲಿ ಎರಡು ಬಗೆ. ರೋಗಿಯ ದೇಹದ ಜೀವಕೋಶಗಳನ್ನು ತಿದ್ದುವುದು ಒಂದು. ಕುಡಗೋಲು ಕಣ (ಸಿಕಲ್ ಸೆಲ್) ರೋಗಕ್ಕೆ, ವಂಶವಾಹಿಯನ್ನು ಕತ್ತರಿಸಿ ತಿದ್ದುವ ಕ್ರಿಸ್ಪರ್ ತಂತ್ರದ ಇಂಥ ಚಿಕಿತ್ಸೆಗೆ 2023ರಲ್ಲಿ ಬ್ರಿಟನ್, ಅಮೆರಿಕ ಅನುಮತಿ ಕೊಟ್ಟವು. ಈ ಬದಲಾವಣೆ ಆ ರೋಗಿಗಷ್ಟೇ ಸೀಮಿತ. ಭ್ರೂಣವನ್ನೇ ತಿದ್ದುವುದು ಇನ್ನೊಂದು. ಅದು ಮಕ್ಕಳು, ಮೊಮ್ಮಕ್ಕಳಿಗೂ ಹರಿಯುತ್ತದೆ. 2018ರ ನವೆಂಬರ್‌ನಲ್ಲಿ ಚೀನಾದ ವಿಜ್ಞಾನಿ ಹೆ ಜಿಯಾನ್‌ಕುಯಿ ಎಚ್‌ಐವಿ ತಗಲದಂತೆ ಭ್ರೂಣದ ಹಂತದಲ್ಲೇ ತಿದ್ದಿದ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದಾರೆಂದು ಸಾರಿದಾಗ ವಿಜ್ಞಾನಿಗಳೇ ಬೆಚ್ಚಿದರು. ಮಕ್ಕಳು ಹುಟ್ಟುವವರೆಗೂ ಹೊರಜಗತ್ತಿಗೆ ಇದು ಗುಟ್ಟಾಗಿತ್ತು. ಮರುವರ್ಷದ ಡಿಸೆಂಬರ್‌ನಲ್ಲಿ ನ್ಯಾಯಾಲಯ ಆತನಿಗೆ ಮೂರು ವರ್ಷ ಜೈಲು ವಿಧಿಸಿತು.

ಗರ್ಭದ ಗುಟ್ಟು ತಿಳಿಯುವ ತಂತ್ರವೊಂದು ಸಮಾಜದ ಕೈಗೆ ಸಿಕ್ಕರೆ ಏನಾಗುತ್ತದೆಂಬುದು ಈ ನಾಡಿಗೆ ಹೊಸದಲ್ಲ. ಹೆಣ್ಣು ಭ್ರೂಣಗಳ ಹತ್ಯೆ ತಡೆಯಲು 1994ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು. ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಫಲಕ ಪ್ರತಿ ಸ್ಕ್ಯಾನಿಂಗ್ ಸೆಂಟರ್‌ನ ಗೋಡೆಯ ಮೇಲೆ ಇರಲೇಬೇಕು. ಭ್ರೂಣದ ವಂಶವಾಹಿ ತಿದ್ದಿ ಮಗು ಪಡೆಯುವುದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿ ನಿಷೇಧಿಸಿದೆ. ಅದು ಮಾರ್ಗಸೂಚಿಯಷ್ಟೇ, ಅದಕ್ಕೆಂದೇ ಸಂಸತ್ತು ಮಾಡಿದ ಪ್ರತ್ಯೇಕ ಕಾಯ್ದೆ ಇನ್ನೂ ಇಲ್ಲ.