ಬ್ಯಾಟರಿಯನ್ನು ದೂರುವ ಮುನ್ನ

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬುದು ನಮ್ಮ ಹಿರಿಯರ ಗಾದೆ. ಸಂಪಾದನೆ ನಿಂತ ಮನೆಯಲ್ಲಿ ಕೂಡಿಟ್ಟ ಹಣ ಎಷ್ಟಿದ್ದರೂ ಕರಗಿಹೋಗುತ್ತದೆಂಬ ಈ ಲೋಕಾನುಭವವು ಮೋಟಾರು ವಾಹನಕ್ಕೂ ಯಥಾವತ್ತಾಗಿ ಅನ್ವಯಿಸುತ್ತದೆ. ಇಂದು ನಮ್ಮ ಅನೇಕ ಮನೆಗಳ ಅಂಗಳದಲ್ಲಿ ಕಾರೋ ಜೀಪೋ ಟ್ರ್ಯಾಕ್ಟರೋ ನಿಂತಿರುತ್ತದೆ. ಲಗ್ನಕ್ಕೆ, ಜಾತ್ರೆಗೆ, ಅಪರಾತ್ರಿಯಲ್ಲಿ ಆಸ್ಪತ್ರೆಗೆ ಹೋಗಲು ಅದನ್ನೇ ನೆಚ್ಚಿಕೊಂಡಿರುತ್ತೇವೆ. ಅವಸರದಲ್ಲಿ ಕೀಲಿ ತಿರುವಿದಾಗ ಎಂಜಿನ್ ಚಾಲೂ ಆಗದೆ ‘ಟಿಕ್ ಟಿಕ್’ ಎಂಬ ಸದ್ದಷ್ಟೇ ಕೇಳಿಬಂದರೆ ಎಲ್ಲರೂ ದೂರುವುದು ಬ್ಯಾಟರಿಯನ್ನು. ಸಾವಿರಾರು ರೂಪಾಯಿ ತೆತ್ತು ಹೊಸ ಬ್ಯಾಟರಿ ತಂದು ಕೂರಿಸುತ್ತಾರೆ. ಕೆಲವು ದಿನಗಳಲ್ಲಿ ಅದೂ ಬರಿದಾಗುತ್ತದೆ. ದೋಷ ಬ್ಯಾಟರಿಯದಲ್ಲ, ಅದನ್ನು ತುಂಬಿಸಬೇಕಾದ ವ್ಯವಸ್ಥೆಯದು ಎಂಬ ಅರಿವು ಆಗ ಮೂಡುತ್ತದೆ. ಈ ಅರಿವು ಮೊದಲೇ ಇದ್ದರೆ ಹಣವೂ ಉಳಿದೀತು, ನಡುದಾರಿಯ ಸಂಕಟವೂ ತಪ್ಪೀತು.

ಕಣಜ ಮತ್ತು ಕೃಷಿ

ವಾಹನವನ್ನು ಒಂದು ಒಕ್ಕಲು ಮನೆತನವೆಂದು ಭಾವಿಸೋಣ. ಬ್ಯಾಟರಿ ಆ ಮನೆಯ ಕಣಜ, ಆಲ್ಟರ್ನೇಟರ್ ಆ ಮನೆಯ ಕೃಷಿ. ಎಂಜಿನ್ ಚಾಲೂ ಮಾಡುವ ಒಂದೆರಡು ಕ್ಷಣ ಸೆಲ್ಫ್ ಮೋಟಾರು 100 ಆಂಪಿಯರಿಗೂ ಮೀರಿದ ವಿದ್ಯುತ್ತನ್ನು ಬ್ಯಾಟರಿಯಿಂದ ಸೆಳೆಯುತ್ತದೆ. ಎಂಜಿನ್ ಓಡತೊಡಗಿದ ಮೇಲೆ ದೀಪ, ಹಾರ್ನು, ವೈಪರುಗಳಿಗೆಲ್ಲ ವಿದ್ಯುತ್ ಒದಗಿಸುವುದು ಆಲ್ಟರ್ನೇಟರಿನ ಕೆಲಸ. ಖರ್ಚು ಕಳೆದು ಉಳಿದದ್ದು ಬ್ಯಾಟರಿಗೆ ಸೇರಿ, ಕಣಜ ಮತ್ತೆ ತುಂಬುತ್ತದೆ. ಕೃಷಿ ನಿಂತರೆ ಕಣಜ ಎಷ್ಟು ದಿನ ಬಂದೀತು? 60 ವ್ಯಾಟಿನ ಎರಡು ಹೆಡ್‌ಲೈಟುಗಳೇ ಸುಮಾರು 10 ಆಂಪಿಯರ್ ಬಳಸುತ್ತವೆ. 35 ಆಂಪಿಯರ್ ಗಂಟೆಯ ಹೊಸ ಬ್ಯಾಟರಿಯಾದರೂ ಲೆಕ್ಕಕ್ಕೆ ಮೂರೂವರೆ ಗಂಟೆಯಲ್ಲಿ ಬರಿದು. ಅದಕ್ಕೂ ಬಹಳ ಮುಂಚೆಯೇ ಸೆಲ್ಫ್ ತಿರುಗಿಸುವ ಶಕ್ತಿ ಅದರಲ್ಲಿ ಉಳಿಯುವುದಿಲ್ಲ.

ಈ ಕಣಜದ ಮೂಲ ಫ್ರಾನ್ಸಿನದು. 1859ರಲ್ಲಿ ಗಾಸ್ಟನ್ ಪ್ಲಾಂಟೆ ಸೀಸದ ತಗಡುಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿ, ಮರಳಿ ಮರಳಿ ತುಂಬಿಸಬಹುದಾದ ಬ್ಯಾಟರಿಯನ್ನು ರೂಪಿಸಿದನು. ಇಂದಿನ ವಾಹನಗಳ ಬ್ಯಾಟರಿಯಲ್ಲಿ ಇಂಥ ಆರು ಕೋಶಗಳಿವೆ. ಪ್ರತಿ ಕೋಶಕ್ಕೆ ಸುಮಾರು 2.1 ವೋಲ್ಟ್‌ನಂತೆ, ತುಂಬಿದ ಬ್ಯಾಟರಿಯು ಒಟ್ಟು 12.6 ವೋಲ್ಟ್ ತೋರಿಸುತ್ತದೆ.

ಕೃಷಿಯ ಮೂಲ ಇಂಗ್ಲೆಂಡಿನದು. ಅಯಸ್ಕಾಂತ ಕ್ಷೇತ್ರದಲ್ಲಿ ಬದಲಾವಣೆಯಾದರೆ ಪಕ್ಕದ ತಂತಿಯ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆಂಬುದನ್ನು ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡನು. ಆಲ್ಟರ್ನೇಟರಿನೊಳಗೆ ನಡೆಯುವುದು ಇದೇ. ಎಂಜಿನ್ನು ಬೆಲ್ಟಿನ ಮೂಲಕ ರೋಟರ್ ಎಂಬ ವಿದ್ಯುದಯಸ್ಕಾಂತವನ್ನು ತಿರುಗಿಸುತ್ತದೆ. ಅದರ ಸುತ್ತಲೂ ಅಲುಗಾಡದೆ ನಿಂತ ಮೂರು ಸುರುಳಿಗಳಲ್ಲಿ ಪರ್ಯಾಯ ವಿದ್ಯುತ್ ಉತ್ಪತ್ತಿಯಾಗುತ್ತದೆ. ಬ್ಯಾಟರಿಗೆ ಬೇಕಾದುದು ಒಂದೇ ದಿಕ್ಕಿನಲ್ಲಿ ಹರಿಯುವ ನೇರ ವಿದ್ಯುತ್. ಆದ್ದರಿಂದ ಡಯೋಡುಗಳು ಅದನ್ನು ಒಂದೇ ದಿಕ್ಕಿಗೆ ತಿರುಗಿಸಿ ಹೊರಬಿಡುತ್ತವೆ. ರೋಟರಿಗೆ ವಿದ್ಯುತ್ ಮುಟ್ಟಿಸುವುದು ಎರಡು ಪುಟ್ಟ ಕಾರ್ಬನ್ ಬ್ರಷ್ಷುಗಳು. ಎಷ್ಟು ಮುಟ್ಟಿಸಬೇಕೆಂದು ನಿರ್ಧರಿಸುವುದು ರೆಗ್ಯುಲೇಟರ್. ಎಂಜಿನ್ ನಿಧಾನವಾಗಿರಲಿ ವೇಗವಾಗಿರಲಿ, ಹೊರಬರುವ ವಿದ್ಯುತ್ತು 14 ವೋಲ್ಟಿನ ಆಸುಪಾಸಿನಲ್ಲಿರುವಂತೆ ಕಾಯುವ ವಿವೇಕ ಇದರದು.

ಕೆಂಪು ದೀಪದ ಭಾಷೆ

ಚಾಲಕನ ಮುಂದಿನ ಫಲಕದಲ್ಲಿ ಬ್ಯಾಟರಿಯ ಚಿತ್ರವುಳ್ಳ ಕೆಂಪು ದೀಪವೊಂದಿದೆ. ಹಲವರು ಇದನ್ನು ಬ್ಯಾಟರಿಯ ದೀಪವೆಂದೇ ತಿಳಿದಿದ್ದಾರೆ. ವಾಸ್ತವವಾಗಿ ಅದು ಚಾರ್ಜ್ ಆಗುತ್ತಿದೆಯೇ ಇಲ್ಲವೇ ಎಂಬುದನ್ನು ಹೇಳುವ ದೀಪ. ಹಳೆಯ ಮಾದರಿಯ ವ್ಯವಸ್ಥೆಯಲ್ಲಿ ಕೀಲಿ ತಿರುವಿದೊಡನೆ ಬ್ಯಾಟರಿಯಿಂದ ಅಲ್ಪ ವಿದ್ಯುತ್ತು ಈ ದೀಪದ ಮೂಲಕವೇ ರೋಟರಿಗೆ ಹರಿಯುತ್ತದೆ, ದೀಪ ಬೆಳಗುತ್ತದೆ. ಆಲ್ಟರ್ನೇಟರ್ ತಾನೇ ಉತ್ಪಾದಿಸತೊಡಗಿದಾಗ ದೀಪದ ಎರಡೂ ಬದಿಯ ಒತ್ತಡ ಸಮವಾಗಿ, ಅದು ಆರುತ್ತದೆ. ಆದ್ದರಿಂದ ಮೂರು ಲಕ್ಷಣಗಳನ್ನು ಗಮನಿಸಬೇಕು. ಕೀಲಿ ತಿರುವಿದಾಗ ದೀಪ ಹತ್ತದಿದ್ದರೆ ಬಲ್ಬು ಸುಟ್ಟಿರಬಹುದು, ತಂತಿ ಕಡಿದಿರಬಹುದು ಅಥವಾ ಬ್ರಷ್ಷು ಸವೆದಿರಬಹುದು. ಎಂಜಿನ್ ಓಡುತ್ತಿದ್ದರೂ ದೀಪ ಆರದಿದ್ದರೆ ಉತ್ಪಾದನೆ ನಿಂತಿದೆ. ಮಂದವಾಗಿ ಮಿಣುಕುತ್ತಿದ್ದರೆ ಡಯೋಡಿನ ದೋಷವನ್ನು ಶಂಕಿಸಬೇಕು.

ಅಳೆದು ನೋಡುವ ಕ್ರಮ

ಮೊದಲು ಕಣ್ಣಿನ ಪರೀಕ್ಷೆ. ಎಂಜಿನ್ ನಿಲ್ಲಿಸಿ ಬೆಲ್ಟನ್ನು ನೋಡಿರಿ. ಅದು ಬಿರಿದಿದೆಯೇ? ಹೊಳಪಾಗಿ ಜಾರುತ್ತಿದೆಯೇ? ಹಳೆಯ ರೀತಿಯ ಬೆಲ್ಟನ್ನು ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಒಂದು ಸೆಂಟಿಮೀಟರ್ ತಗ್ಗಬೇಕು, ಹೆಚ್ಚು ತಗ್ಗಿದರೆ ಸಡಿಲವಾಗಿದೆ. ಬಳಿಕ ಬ್ಯಾಟರಿಯ ಟರ್ಮಿನಲ್‌ಗಳಲ್ಲಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿದೆಯೇ, ಹಿಡಿಕೆ ಸಡಿಲವಾಗಿದೆಯೇ ಎಂದು ನೋಡಬೇಕು. ಎಷ್ಟೋ ವೇಳೆ ರೋಗ ಇಲ್ಲಿಯೇ ಇರುತ್ತದೆ. ಟರ್ಮಿನಲ್ ಕಳಚಿ, ಅಡಿಗೆ ಸೋಡ ಬೆರೆಸಿದ ಬಿಸಿನೀರಿನಿಂದ ಉಜ್ಜಿ ಒರೆಸಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿದರೆ ಸಾಕು. ಸೋಡದ ನೀರು ಬ್ಯಾಟರಿಯ ಒಳಕ್ಕೆ ಇಳಿಯಬಾರದು. ಕಳಚುವಾಗ ಋಣ ತಂತಿಯನ್ನು ಮೊದಲು, ಜೋಡಿಸುವಾಗ ಕೊನೆಗೆ ಎಂಬುದನ್ನು ಮರೆಯಬಾರದು.

ಎರಡನೆಯದು ಮಲ್ಟಿಮೀಟರಿನ ಪರೀಕ್ಷೆ. ವಾಹನ ಕೆಲವು ಗಂಟೆ ನಿಂತ ಮೇಲೆ ಬ್ಯಾಟರಿಯನ್ನು ಅಳೆದರೆ 12.6 ವೋಲ್ಟ್ ಪೂರ್ಣ, 12.2 ಸುಮಾರು ಅರ್ಧ, 12ಕ್ಕಿಂತ ಕಡಿಮೆಯಾದರೆ ಬಹುಮಟ್ಟಿಗೆ ಬರಿದು. ಸೆಲ್ಫ್ ಹೊಡೆಯುವಾಗ ಅದು ಸುಮಾರು 9.6ಕ್ಕಿಂತ ಕೆಳಗೆ ಕುಸಿಯಬಾರದು. ತುಂಬಿದ ಬ್ಯಾಟರಿಯೂ ಹಾಗೆ ಕುಸಿದರೆ ಅದರಲ್ಲಿಯೇ ಹುಳುಕಿದೆ. ಅನಂತರ ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಮೇಲೆಯೇ ಅಳೆಯಬೇಕು. 13.8ರಿಂದ 14.5ರೊಳಗಿದ್ದರೆ ಕ್ಷೇಮ. ಎಂಜಿನ್ ವೇಗ ತುಸು ಏರಿಸಿ, ಹೆಡ್‌ಲೈಟ್, ಫ್ಯಾನು ಎಲ್ಲವನ್ನೂ ಹಾಕಿದರೂ 13ಕ್ಕಿಂತ ಮೇಲೆ ನಿಲ್ಲಬೇಕು. ನಿಲ್ಲದೆ 12ರ ಕಡೆಗೆ ಇಳಿಯುತ್ತಿದ್ದರೆ ಆಲ್ಟರ್ನೇಟರ್ ದುಡಿಯುತ್ತಿಲ್ಲ, ಇಲ್ಲವೇ ದುಡಿದದ್ದು ತಂತಿಯ ದೋಷದಿಂದ ಬ್ಯಾಟರಿಗೆ ತಲುಪುತ್ತಿಲ್ಲ. ಆಲ್ಟರ್ನೇಟರಿನ ಬಾಯಲ್ಲಿ 14 ಇದ್ದು ಬ್ಯಾಟರಿಯಲ್ಲಿ 13 ಮಾತ್ರ ಇದ್ದರೆ ದೋಷ ನಡುವಣ ತಂತಿ, ಬೆಸುಗೆ ಅಥವಾ ಅರ್ಥಿಂಗಿನದು.

ಕೊರತೆಯಂತೆ ಅತಿಯೂ ಕೇಡು. 15 ವೋಲ್ಟನ್ನು ಮೀರಿದರೆ ರೆಗ್ಯುಲೇಟರ್ ಕೆಟ್ಟಿದೆಯೆಂದು ತಿಳಿಯಬೇಕು. ಬ್ಯಾಟರಿಯ ನೀರು ಮತ್ತೆ ಮತ್ತೆ ಇಂಗುವುದು, ಆಮ್ಲದ ಕಟು ವಾಸನೆ, ಬಲ್ಬುಗಳು ಪದೇ ಪದೇ ಸುಡುವುದು ಇದರ ಚಿಹ್ನೆಗಳು. ಇನ್ನು ಚಾರ್ಜ್ ಸರಿಯಾಗಿದ್ದರೂ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಬರಿದಾಗುತ್ತಿದ್ದರೆ, ವಾಹನ ನಿಂತಾಗಲೂ ಯಾವುದೋ ದೀಪವೋ ಉಪಕರಣವೋ ವಿದ್ಯುತ್ ಹೀರುತ್ತಿದೆ ಎಂದರ್ಥ. ಡಯೋಡು ಕೆಟ್ಟರೂ ಹೀಗಾಗುತ್ತದೆ.

ನಡುದಾರಿಯಲ್ಲಿ

ಪ್ರಯಾಣದಲ್ಲಿ ಕೆಂಪು ದೀಪ ಹತ್ತಿದರೆ ಗಾಬರಿಯಾಗದೆ ಮೊದಲು ಎಂಜಿನ್ನಿನ ಉಷ್ಣವನ್ನು ತೋರಿಸುವ ಮುಳ್ಳನ್ನು ನೋಡಬೇಕು. ಅನೇಕ ಎಂಜಿನ್ನುಗಳಲ್ಲಿ ನೀರಿನ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟು. ಮುಳ್ಳು ಏರುತ್ತಿದ್ದರೆ ಬೆಲ್ಟು ಹರಿದಿರಬಹುದು, ಒಡನೆ ನಿಲ್ಲಿಸಬೇಕು. ಉಷ್ಣ ಸರಿಯಾಗಿದ್ದರೆ ಏಸಿ, ರೇಡಿಯೊ ಮೊದಲಾದವನ್ನು ಆರಿಸಿ, ಎಂಜಿನ್ ನಿಲ್ಲಿಸದೆ ಸಮೀಪದ ಊರನ್ನು ಸೇರುವುದು ಜಾಣತನ. ಹಳೆಯ ಡೀಸೆಲ್ ಜೀಪು, ಟ್ರ್ಯಾಕ್ಟರುಗಳು ಒಮ್ಮೆ ಚಾಲೂ ಆದರೆ ವಿದ್ಯುತ್ತಿಲ್ಲದೆಯೂ ಓಡಬಲ್ಲವು. ಪೆಟ್ರೋಲ್ ವಾಹನ ಮತ್ತು ಇಂದಿನ ಗಣಕ ನಿಯಂತ್ರಿತ ಡೀಸೆಲ್ ವಾಹನಗಳು ಬ್ಯಾಟರಿ ಬರಿದಾದೊಡನೆ ನಿಂತುಬಿಡುತ್ತವೆ.

ಎರಡು ಎಚ್ಚರಿಕೆಗಳನ್ನು ಮನೆಯ ಮಕ್ಕಳಿಗೂ ತಿಳಿಸಿರಬೇಕು. ಚಾರ್ಜ್ ಆಗುತ್ತಿರುವ ಬ್ಯಾಟರಿಯಿಂದ ಹೊಮ್ಮುವ ಜಲಜನಕವು ಕಿಡಿ ತಗುಲಿದರೆ ಸಿಡಿಯುತ್ತದೆ. ಅದರ ಬಳಿ ಬೀಡಿ, ಬೆಂಕಿಕಡ್ಡಿ ಸಲ್ಲದು. ಚಾರ್ಜ್ ಪರೀಕ್ಷಿಸಲೆಂದು ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿ ಕಳಚಿ ನೋಡುವ ಹಳೆಯ ಪದ್ಧತಿ ಕೆಲವು ಗ್ಯಾರೇಜುಗಳಲ್ಲಿದೆ. ಡೈನಮೊ ಕಾಲದಲ್ಲಿ ಅದು ನಡೆದೀತು. ಈಗ ಹಾಗೆ ಮಾಡಿದರೆ ವೋಲ್ಟೇಜು ಒಮ್ಮೆಗೇ ಚಿಮ್ಮಿ ಡಯೋಡುಗಳೂ ಬೆಲೆಬಾಳುವ ಗಣಕಪೆಟ್ಟಿಗೆಯೂ ಸುಟ್ಟುಹೋದಾವು.

ಇತ್ತೀಚಿನ ಕೆಲವು ಕಾರುಗಳಲ್ಲಿ ಇಂಧನ ಉಳಿಸಲೆಂದು ಗಣಕವೇ ಚಾರ್ಜನ್ನು ಆಗಾಗ ತಗ್ಗಿಸುತ್ತದೆ. ಅಂಥವುಗಳಲ್ಲಿ ಮೇಲಿನ ಅಂಕಿಗಳು ಕೆಲಕಾಲ ಕಡಿಮೆ ಕಂಡರೆ ಅದು ದೋಷವಲ್ಲ, ವಾಹನದ ಕೈಪಿಡಿಯನ್ನು ನೋಡಬೇಕು. ಬ್ಯಾಟರಿಯೂ ಅಮರವಲ್ಲ, ಕಾಲ ಕಳೆದಂತೆ ಸವೆಯುತ್ತದೆ. ಆದರೆ ಅದು ಸತ್ತಿದೆಯೋ ಹಸಿದಿದೆಯೋ ಎಂಬುದನ್ನು ಅಳೆದು ತಿಳಿಯದೆ ಹೊಸದನ್ನು ಕೊಳ್ಳುವುದು, ಬೆಳೆ ಏಕೆ ಬರಲಿಲ್ಲವೆಂದು ವಿಚಾರಿಸದೆ ಕಣಜವನ್ನು ಬದಲಿಸಿದಂತೆ. ಕೆಲವೇ ನೂರು ರೂಪಾಯಿಗಳ ಮಲ್ಟಿಮೀಟರನ್ನು ಮನೆಯಲ್ಲಿ ಇರಿಸಿಕೊಂಡು, ದೂರದ ಪ್ರಯಾಣಕ್ಕೆ ಮುನ್ನ ಎಂಜಿನ್ ನಿಂತಾಗ ಒಮ್ಮೆ, ಓಡುವಾಗ ಒಮ್ಮೆ ಅಳೆದು ನೋಡುವ ರೂಢಿಯನ್ನು ಗೃಹಸ್ಥರು ಬೆಳೆಸಿಕೊಳ್ಳುವುದು ಲೇಸು.